ಆಮ್ಲ, ಪ್ರತ್ಯಾಮ್ಲ: ನಮ್ಮ ಶಿರಸಿ–ಕಾರವಾರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳಲ್ಲಿ ಕೆಲವನ್ನು ಹೈಸ್ಕೂಲಿನ ಮಕ್ಕಳು ಕೇಳಿದ್ದಾರೆ, ಕೆಲವನ್ನು ಅವರ ಅಪ್ಪ ಅಮ್ಮ ಕೇಳಿದ್ದಾರೆ. ತೋಟದವರ ಪ್ರಶ್ನೆ ಒಂದು ಥರ, ಅಡುಗೆಮನೆಯವರ ಪ್ರಶ್ನೆ ಇನ್ನೊಂದು ಥರ. ಆದರೆ ಎಲ್ಲದರ ಕೆಳಗೆ ಇರುವ ರಸಾಯನಶಾಸ್ತ್ರ ಒಂದೇ. ನಮ್ಮ ಜಿಲ್ಲೆಯವರು ಈ ಕೆಲಸವನ್ನು ಕೈಯಾರೆ ಮಾಡುತ್ತಲೇ ಬಂದಿದ್ದಾರೆ. ಯಾಕೆ ಹಾಗಾಗುತ್ತದೆ ಎಂದು ಗೊತ್ತಾದರೆ ಅಂದಾಜಿನಲ್ಲಿ ಮಾಡುವುದು ಕಡಿಮೆಯಾಗುತ್ತದೆ, ಅಳೆದು ಮಾಡುವುದು ಜಾಸ್ತಿಯಾಗುತ್ತದೆ ಎಂಬ ಆಸೆಯಿಂದ ಇದನ್ನು ಬರೆದಿದ್ದೇನೆ.

ಆಮ್ಲ ಅಂದರೆ ಏನು? ಹುಳಿ ಇರುವುದೆಲ್ಲ ಆಮ್ಲವೇ?

ಹುಳಿ ಇರುವುದರಲ್ಲಿ ಆಮ್ಲ ಇರುತ್ತದೆ, ಅದು ನಿಜ. ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ. ನಮ್ಮ ಮುರುಗಲು (ಕೋಕಂ) ಮತ್ತು ಉಪ್ಪಾಗೆ ಹಣ್ಣು ಎರಡರ ಸಿಪ್ಪೆಯಲ್ಲೂ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಇದೆ. ಆದರೆ ನಾಲಿಗೆಯಿಂದ ಪರೀಕ್ಷೆ ಮಾಡುವುದು ತಿನ್ನುವ ವಸ್ತುವಿಗೆ ಮಾತ್ರ. ಬೇರೆ ಯಾವುದನ್ನೂ ರುಚಿ ನೋಡಿ ತಿಳಿಯಲು ಹೋಗಬೇಡಿ.

ಪುಸ್ತಕದ ಉತ್ತರ ಹೀಗಿದೆ. ನೀರಿನಲ್ಲಿ ಕರಗಿದಾಗ ಹೈಡ್ರೋಜನ್ ಅಯಾನು (ವಿದ್ಯುದಾವೇಶ ಇರುವ ಕಣ) ಕೊಡುವುದು ಆಮ್ಲ. ಹೈಡ್ರಾಕ್ಸೈಡ್ ಅಯಾನು ಕೊಡುವುದು ಪ್ರತ್ಯಾಮ್ಲ. ಸ್ವೀಡನ್ನಿನ ಅರೀನಿಯಸ್ ಅವರ ವಿಚಾರ ಇದು. ಅದರ ಬೀಜ ಇದ್ದದ್ದು 1884ರ ಅವರ ಡಾಕ್ಟರೇಟ್ ಪ್ರಬಂಧದಲ್ಲಿ. ಆ ಪ್ರಬಂಧಕ್ಕೆ ವಿಶ್ವವಿದ್ಯಾಲಯ ತೀರ ಕೆಳಗಿನ ದರ್ಜೆ ಕೊಟ್ಟಿತ್ತು. 1903ರಲ್ಲಿ ಅದೇ ಕೆಲಸಕ್ಕೆ ಅವರಿಗೆ ನೊಬೆಲ್ ಬಂತು. ಅಂಕ ಕಡಿಮೆ ಬಂತೆಂದು ಬೇಜಾರಾಗಿರುವ ಮಕ್ಕಳಿಗೆ ಇದನ್ನು ತಪ್ಪದೆ ಹೇಳುತ್ತೇನೆ.

1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಇಬ್ಬರೂ ಬೇರೆ ಬೇರೆಯಾಗಿ ಇದನ್ನು ಇನ್ನಷ್ಟು ಅಗಲ ಮಾಡಿದರು. ಪ್ರೋಟಾನ್, ಅಂದರೆ ಅದೇ ಹೈಡ್ರೋಜನ್ ಅಯಾನು, ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. ಅಮೋನಿಯಾದಲ್ಲಿ ಹೈಡ್ರಾಕ್ಸೈಡ್ ಇಲ್ಲವೇ ಇಲ್ಲ, ಆದರೂ ಅದು ಪ್ರತ್ಯಾಮ್ಲ ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ. ಅದು ನೀರಿನಿಂದ ಒಂದು ಪ್ರೋಟಾನ್ ಕಿತ್ತುಕೊಳ್ಳುತ್ತದೆ. ಆಗ ನೀರಿನಲ್ಲಿ ಹೈಡ್ರಾಕ್ಸೈಡ್ ಉಳಿಯುತ್ತದೆ.

ಪ್ರತ್ಯಾಮ್ಲ, ಕ್ಷಾರ ಎರಡೂ ಒಂದೇನಾ?

ನೀರಿನಲ್ಲಿ ಕರಗುವ ಪ್ರತ್ಯಾಮ್ಲವನ್ನು ಕ್ಷಾರ ಎನ್ನುತ್ತೇವೆ. ಹಾಗಾಗಿ ಕ್ಷಾರಗಳೆಲ್ಲ ಪ್ರತ್ಯಾಮ್ಲಗಳೇ. ಪ್ರತ್ಯಾಮ್ಲಗಳೆಲ್ಲ ಕ್ಷಾರ ಅಲ್ಲ. ಕಾಸ್ಟಿಕ್ ಸೋಡಾ ಕ್ಷಾರ. ತಾಮ್ರದ ಆಕ್ಸೈಡ್ ಪ್ರತ್ಯಾಮ್ಲ, ಆದರೆ ನೀರಿನಲ್ಲಿ ಕರಗುವುದಿಲ್ಲ.

ಪಿಎಚ್ ಅಂದರೆ ಏನು? 5ಕ್ಕೂ 6ಕ್ಕೂ ಒಂದೇ ಅಂಕಿ ವ್ಯತ್ಯಾಸ, ಅಷ್ಟು ದೊಡ್ಡದಾ?

ದೊಡ್ಡದೇ. ಪಿಎಚ್ ಎಂದರೆ ದ್ರಾವಣದಲ್ಲಿ ಹೈಡ್ರೋಜನ್ ಅಯಾನು ಎಷ್ಟಿದೆ ಎಂದು ತೋರಿಸುವ ಅಂಕಿ. ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಏರುತ್ತದೆ. ಎರಡು ಅಂಕಿ ಇಳಿದರೆ ನೂರು ಪಟ್ಟು. ನಿಮ್ಮ ತೋಟದ ಮಣ್ಣು 5, ಪಕ್ಕದವರದ್ದು 6 ಎಂದು ಬಂದರೆ ನಿಮ್ಮದು ಹತ್ತು ಪಟ್ಟು ಹೆಚ್ಚು ಆಮ್ಲೀಯ ಎಂದರ್ಥ. "ಒಂದೇ ಪಾಯಿಂಟ್ ಅಲ್ವಾ" ಎಂದು ಬಿಡುವ ಹಾಗಿಲ್ಲ.

ಈ ಅಳತೆ ತಂದವರು ಡೆನ್ಮಾರ್ಕಿನ ಸೋರೆನ್‌ಸೆನ್, 1909ರಲ್ಲಿ. ಅವರು ಕೆಲಸ ಮಾಡುತ್ತಿದ್ದುದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ಸಾಮಾನ್ಯ ಉಷ್ಣತೆಯಲ್ಲಿ 7 ತಟಸ್ಥ. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ.

ಕೆಲವು ಅಂಕಿ ನೆನಪಿರಲಿ: ನಿಂಬೆರಸ 2ರಿಂದ 2.5, ಹೊಟ್ಟೆಯ ಆಮ್ಲ 1.5ರಿಂದ 3.5, ಮೊಸರು 4.5ರ ಸುತ್ತ, ಹಾಲು 6.5 ದಾಟಿ ಸ್ವಲ್ಪ, ರಕ್ತ 7.35ರಿಂದ 7.45, ಅಡುಗೆ ಸೋಡಾ ಕರಗಿಸಿದ ನೀರು 8.3ರ ಹತ್ತಿರ, ಬಟ್ಟೆ ಸೋಪಿನ ನೀರು 9ರಿಂದ 10, ಸುಣ್ಣದ ತಿಳಿನೀರು 12ಕ್ಕೂ ಮೇಲೆ. ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಿ. ಕವಳದ (ಎಲೆ ಅಡಿಕೆಯ) ತಟ್ಟೆಯಲ್ಲಿ ಸುಮ್ನೆ ಕೂತಿರುವ ಸುಣ್ಣದ ಡಬ್ಬಿ ನಾವು ಅಂದುಕೊಂಡಷ್ಟು ಸಾಧು ಅಲ್ಲ. ಕೆಳಗೆ ಮತ್ತೆ ಇದರ ಬಗ್ಗೆ ಬರೆಯುತ್ತೇನೆ.

ಪ್ರಬಲ ಆಮ್ಲ, ಗಾಢ ಆಮ್ಲ: ಎರಡೂ ಒಂದೇ ಅಲ್ವಾ?

ಅಲ್ಲ. ಪರೀಕ್ಷೆಯಲ್ಲಿ ಮಕ್ಕಳು ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲೇ.

ಗಾಢ ಎಂದರೆ ನೀರು ಕಡಿಮೆ, ಆಮ್ಲ ಜಾಸ್ತಿ. ಪ್ರಬಲ ಎಂದರೆ ನೀರಿಗೆ ಬಿದ್ದ ಆಮ್ಲದ ಅಣುಗಳು ಹೆಚ್ಚುಕಡಿಮೆ ಎಲ್ಲವೂ ಒಡೆದು ಹೈಡ್ರೋಜನ್ ಅಯಾನು ಕೊಡುತ್ತವೆ. ಹೈಡ್ರೋಕ್ಲೋರಿಕ್ ಆಮ್ಲ ಪ್ರಬಲ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ದುರ್ಬಲ. ಎರಡನ್ನೂ ಒಂದೇ ಪ್ರಮಾಣದಲ್ಲಿ, ಲೀಟರಿಗೆ 0.1 ಮೋಲ್ (ಅಣುಗಳ ಎಣಿಕೆಯ ಅಳತೆ) ಹಾಕಿ ನೋಡಿದರೆ ಮೊದಲನೆಯದರ ಪಿಎಚ್ 1, ಎರಡನೆಯದರದ್ದು 2.9ರ ಆಸುಪಾಸು. ಅಸಿಟಿಕ್ ಆಮ್ಲದ ನೂರು ಅಣುಗಳಲ್ಲಿ ಒಡೆಯುವುದು ಒಂದೋ ಎರಡೋ, ಅಷ್ಟೇ.

ಆದರೆ ದುರ್ಬಲ ಎಂದರೆ ಅಪಾಯ ಇಲ್ಲ ಎಂದಲ್ಲ. ನೀರು ಬೆರೆಸದ ಗಾಢ ಅಸಿಟಿಕ್ ಆಮ್ಲ ಚರ್ಮ ಸುಡುತ್ತದೆ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಮ್ಲವೂ ದುರ್ಬಲ ಆಮ್ಲವೇ. ಹೊನ್ನಾವರ, ಭಟ್ಕಳದ ಕಡೆ ರಬ್ಬರ್ ಕೆಲಸ ಮಾಡುವವರನ್ನು ಕೇಳಿ, ನೀರು ಬೆರೆಸುವ ಮೊದಲು ಅದನ್ನು ಎಷ್ಟು ಜೋಪಾನದಿಂದ ಹಿಡಿಯುತ್ತಾರೆ ಎಂದು ಹೇಳುತ್ತಾರೆ.

ಲಿಟ್ಮಸ್ ಕಾಗದ ಇಲ್ಲದೆ ಮನೆಯಲ್ಲೇ ಪರೀಕ್ಷೆ ಮಾಡಬಹುದಾ?

ಮಾಡಬಹುದು. ಅಂಗಳದಲ್ಲೇ ಸಿಗುತ್ತದೆ.

ಅರಿಶಿನ ಆಮ್ಲದಲ್ಲೂ ತಟಸ್ಥ ನೀರಿನಲ್ಲೂ ಹಳದಿಯಾಗಿಯೇ ಇರುತ್ತದೆ. ಪಿಎಚ್ ಸುಮಾರು 8 ದಾಟುತ್ತಿದ್ದಂತೆ ಕೆಂಪಾಗುತ್ತದೆ. ಆರತಿಯ ಓಕುಳಿ ಕೆಂಪಾಗುವುದು ಅರಿಶಿನದ ನೀರಿಗೆ ಸುಣ್ಣ ಹಾಕುವುದರಿಂದ. ಆ ಕೆಂಪು ನೀರನ್ನು ಸ್ವಲ್ಪ ಲೋಟಕ್ಕೆ ತೆಗೆದು ನಿಂಬೆಹಣ್ಣು ಹಿಂಡಿ. ಮೊದಲ ಹನಿ ಬಿದ್ದಲ್ಲಿ ಹಳದಿ ಚುಕ್ಕೆ ಮೂಡಿ, ಕಲಕಿದರೆ ಮಾಯವಾಗುತ್ತದೆ. ಇನ್ನಷ್ಟು ಹಿಂಡಿದಂತೆ ಚುಕ್ಕೆ ದೊಡ್ಡದಾಗುತ್ತದೆ. ಒಂದು ಹಂತದಲ್ಲಿ ಇಡೀ ಲೋಟ ಒಮ್ಮೆಲೇ ಹಳದಿಗೆ ತಿರುಗುತ್ತದೆ. ಆ ಹಂತದ ಹೊತ್ತಿಗೆ ಸುಣ್ಣವನ್ನೆಲ್ಲ ನಿಂಬೆ ತೀರಿಸಿದೆ ಎಂದರ್ಥ. ಕಾಲೇಜಿನಲ್ಲಿ ಬ್ಯೂರೆಟ್ ಹಿಡಿದು ಮಾಡುವ ಟೈಟ್ರೇಶನ್ ಬೇರೇನೂ ಅಲ್ಲ, ಇದೇ.

ಬಿಳಿ ಅಂಗಿಯ ಮೇಲಿನ ಸಾರಿನ ಕಲೆಗೆ ಸೋಪು ತಾಗಿದರೆ ಕೆಂಪಾಗುವುದೂ ಇದರಿಂದಲೇ. ಗಾಬರಿ ಬೇಡ, ಚೆನ್ನಾಗಿ ನೀರಿನಲ್ಲಿ ಜಾಲಿಸಿದರೆ ಕೆಂಪು ಹೋಗುತ್ತದೆ.

ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಇನ್ನೊಂದು ಸೂಚಕ ಸಿದ್ಧ. ಆಮ್ಲದಲ್ಲಿ ಗಾಢ ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ಅರಿಶಿನಕ್ಕಿಂತ ಇದು ಒಳ್ಳೆಯದು, ಎರಡೂ ಕಡೆ ಬಣ್ಣ ತೋರಿಸುತ್ತದೆ. ಮುರುಗಲ ಹಣ್ಣಿನ ಕೆಂಪೂ ದಾಸವಾಳದ ಬಣ್ಣದ ಗುಂಪಿಗೇ ಸೇರಿದ್ದು, ಆಂಥೋಸಯನಿನ್. ಪಾನಕ ಅಷ್ಟು ಕೆಂಪಾಗಿರುವುದು ಅದು ಅಷ್ಟು ಹುಳಿ ಇರುವುದರಿಂದ. ಸ್ವಲ್ಪ ಪಾನಕಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ಮಕ್ಕಳಿಗೆ ತೋರಿಸಿ. ನೊರೆ ಬರುತ್ತದೆ, ಕೆಂಪೂ ಕೆಡುತ್ತದೆ.

ಅಡಿಕೆಯ ಕೊಳೆ ಔಷಧಿಗೆ ಮೈಲುತುತ್ತದ ಜೊತೆ ಸುಣ್ಣ ಯಾಕೆ? ಕತ್ತಿ ಅದ್ದಿ ನೋಡುವುದು ಯಾಕೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದವರು ಇದನ್ನು ಕೇಳಿದಾಗಲೆಲ್ಲ ಖುಷಿಯಾಗುತ್ತದೆ. ಆಮ್ಲ–ಪ್ರತ್ಯಾಮ್ಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಇಲ್ಲ.

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಅದನ್ನು ನೀರಿನಲ್ಲಿ ಕರಗಿಸಿದರೆ ದ್ರಾವಣ ಆಮ್ಲೀಯ, ಪಿಎಚ್ ಸುಮಾರು 4. ಕರಗಿದ ತಾಮ್ರ ಶಿಲೀಂಧ್ರಕ್ಕೆ ವಿಷ. ಆದರೆ ಎಳೆ ಅಡಿಕೆಗೂ ಹಿಂಗಾರಕ್ಕೂ ಅದು ವಿಷವೇ, ನೇರವಾಗಿ ಹೊಡೆದರೆ ಸುಟ್ಟುಹೋಗುತ್ತವೆ. ಸುಣ್ಣದ ಹಾಲು ಸೇರಿಸಿದಾಗ ಎರಡು ಕೆಲಸ ಆಗುತ್ತದೆ. ಆಮ್ಲ ತಟಸ್ಥವಾಗುತ್ತದೆ. ಕರಗಿದ ತಾಮ್ರ ಕರಗದ ರೂಪಕ್ಕೆ ಬಂದು ಆಕಾಶನೀಲಿ ಬಣ್ಣದ ನಯವಾದ ಗಸಿಯಾಗುತ್ತದೆ. ಈ ಗಸಿ ಕಾಯಿಗೆ ಅಂಟಿಕೊಂಡು ಕೂರುತ್ತದೆ, ಮಳೆಗೆ ಬೇಗ ತೊಳೆದು ಹೋಗುವುದಿಲ್ಲ, ತಾಮ್ರವನ್ನು ಚೂರುಚೂರೇ ಬಿಡುತ್ತದೆ. ಕೊಳೆರೋಗ ತರುವ ಫೈಟಾಫ್ಥೊರಾ ಹರಡುವುದು ನೀರಿನಲ್ಲಿ. ಹಾಗಾಗಿ ಮಳೆ ಹಿಡಿಯುವ ಮೊದಲೇ ಈ ಕಾವಲು ಕಾಯಿಯ ಮೇಲೆ ಇರಬೇಕು.

ಈ ಔಷಧಿಯ ಹೆಸರು ಬೋರ್ಡೋ ದ್ರಾವಣ. ಶೇಕಡಾ 1ರ ಬೋರ್ಡೋಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತ ಕಲಕಿ. ಕಬ್ಬಿಣದ ಡ್ರಮ್ ಬೇಡ, ಪ್ಲಾಸ್ಟಿಕ್ಕಿನದ್ದೇ ಆಗಬೇಕು.

ಈಗ ಕತ್ತಿಯ ವಿಷಯ. ತೊಳೆದು ಉಜ್ಜಿ ಹೊಳೆಯುವಂತೆ ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಹಿಡಿದು ತೆಗೆಯಿರಿ. ಅಲಗು ಮೊದಲಿನಂತೇ ಇದ್ದರೆ ಸರಿಯಾಗಿದೆ. ಅಲಗಿನ ಮೇಲೆ ಕೆಂಪು ಕಂದು ಪೊರೆ ಕೂತಿದ್ದರೆ ಅದು ತಾಮ್ರ. ದ್ರಾವಣದಲ್ಲಿ ಇನ್ನೂ ಕರಗಿದ ತಾಮ್ರ ಉಳಿದಿದೆ, ಕಬ್ಬಿಣ ತಾನು ಕರಗಿ ಅದನ್ನು ಹೊರಗೆ ತಳ್ಳಿದೆ. ಸುಣ್ಣದ ನೀರು ಇನ್ನಷ್ಟು ಹಾಕಿ ಮತ್ತೆ ನೋಡಬೇಕು. ಪಿಎಚ್ ಕಾಗದ ಇದ್ದರೆ ಅದರಲ್ಲೂ ನೋಡಿ, 7 ಅಥವಾ ತುಸು ಮೇಲೆ ಬರಬೇಕು.

ಒಂದಕ್ಕೆ ಒಂದು ಕಿಲೋ ಹಾಕಿದರೂ ಕತ್ತಿ ಕೆಂಪಾಗುವುದು ಯಾಕೆ? ಸುಣ್ಣ ಹಳೆಯದಾಗಿದ್ದರೆ ಹಾಗಾಗುತ್ತದೆ. ಗಾಳಿಗೆ ತೆರೆದಿಟ್ಟ ಸುಣ್ಣ ಇಂಗಾಲದ ಡೈ ಆಕ್ಸೈಡ್ ಹೀರಿ ಮತ್ತೆ ಕಾರ್ಬೊನೇಟ್ ಆಗಿಬಿಡುತ್ತದೆ. ತೂಕ ಇರುತ್ತದೆ, ಕಸುವು ಇರುವುದಿಲ್ಲ. ಅದಕ್ಕೇ ಪ್ರತಿ ಸಲ ಪರೀಕ್ಷೆ ಮಾಡಬೇಕು ಎನ್ನುವುದು. ಅಂಗಡಿಯವರು ಒಳ್ಳೆಯ ಸುಣ್ಣ ಎಂದರು ಎಂಬ ನಂಬಿಕೆಯ ಮೇಲೆ ಕೊನೆಗೌಡನನ್ನು ಮರ ಹತ್ತಿಸಬೇಡಿ. ಮಾಡಿದ ದ್ರಾವಣವನ್ನು ಅದೇ ದಿನ ಮುಗಿಸಿ, ಇಟ್ಟರೆ ಗಸಿ ಹರಳುಗಟ್ಟಿ ಅಂಟುವ ಗುಣ ಹೋಗುತ್ತದೆ.

ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಇದನ್ನು 1885ರಲ್ಲಿ ಪ್ರಚಾರಕ್ಕೆ ತಂದರು. ಅಡಿಕೆಯ ಕೊಳೆಗೆ ಇದನ್ನು ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ.

ತೋಟದ ಮಣ್ಣಿಗೆ ಸುಣ್ಣ ಹಾಕಿ ಎನ್ನುತ್ತಾರೆ. ಎಲ್ಲರೂ ಹಾಕಬೇಕಾ?

ಮಣ್ಣು ಪರೀಕ್ಷೆ ಮಾಡಿಸದೆ ಹಾಕಬೇಡಿ. ನಮ್ಮಲ್ಲಿ ಮಳೆ ಜೋರು. ಆ ಮಳೆ ವರ್ಷವರ್ಷವೂ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಕಬ್ಬಿಣ, ಅಲ್ಯುಮಿನಿಯಂ ತುಂಬಿದ ಕೆಂಪು ಜಂಬಿಟ್ಟಿಗೆ ಮಣ್ಣು. ಅದಕ್ಕೇ ನಮ್ಮ ಹೆಚ್ಚಿನ ತೋಟಗಳ ಮಣ್ಣು ಆಮ್ಲೀಯ. ಪಿಎಚ್ 5.5ರ ಕೆಳಗೆ ಹೋದರೆ ಅಲ್ಯುಮಿನಿಯಂ ಕರಗಿ ಬೇರಿಗೆ ತೊಂದರೆ ಕೊಡುತ್ತದೆ, ರಂಜಕ ಮಣ್ಣಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಗೊಬ್ಬರ ಹಾಕಿದರೂ ಮರಕ್ಕೆ ಸಿಗುವುದಿಲ್ಲ.

ಆಮ್ಲೀಯ ಮಣ್ಣಿಗೆ ಮರಕ್ಕೆ ಅರ್ಧ ಕಿಲೋ ಸುಣ್ಣ, ಎರಡು ಮೂರು ವರ್ಷಕ್ಕೊಮ್ಮೆ ಎಂಬುದು ಸಾಮಾನ್ಯ ಸಲಹೆ. ಗೊಬ್ಬರದ ಜೊತೆ ಕಲಸಿ ಹಾಕಬೇಡಿ. ಅಮೋನಿಯಂ ಇರುವ ಗೊಬ್ಬರಕ್ಕೆ ಸುಣ್ಣ ಸೇರಿದರೆ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ, ಮೂಗಿಗೇ ಘಾಟು ಬಡಿಯುತ್ತದೆ. ಒಲೆಯ ಬೂದಿಯೂ ಪ್ರತ್ಯಾಮ್ಲವೇ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ. ಅಜ್ಜಿಯರು ಪಾತ್ರೆಯ ಜಿಡ್ಡು ತೆಗೆಯಲು ಬೂದಿ ಬಳಸುತ್ತಿದ್ದುದರ ಹಿಂದೆ ಈ ಗುಣವೂ ಇದೆ.

ಬಾವಿ ನೀರಿನ ಪಿಎಚ್ 6ಕ್ಕಿಂತ ಕಡಿಮೆ ಬಂದಿದೆ. ಕುಡಿಯಬಹುದಾ?

ಶುದ್ಧ ಮಳೆ ನೀರೇ 5.6ರ ಆಸುಪಾಸು ಇರುತ್ತದೆ. ಗಾಳಿಯ ಇಂಗಾಲದ ಡೈ ಆಕ್ಸೈಡ್ ಅದರಲ್ಲಿ ಕರಗಿ ಕಾರ್ಬೊನಿಕ್ ಆಮ್ಲವಾಗುತ್ತದೆ. ಜಂಬಿಟ್ಟಿಗೆ ನೆಲದಲ್ಲಿ ಇಳಿಯುವಾಗ ಅದನ್ನು ತಟಸ್ಥ ಮಾಡುವ ಸುಣ್ಣಕಲ್ಲು ಸಿಗುವುದಿಲ್ಲ. ಹಾಗಾಗಿ ಕರಾವಳಿಯ ಬಾವಿಗಳಲ್ಲಿ ತುಸು ಆಮ್ಲೀಯ ನೀರು ಹೊಸದೇನಲ್ಲ.

ಭಾರತದ ಕುಡಿಯುವ ನೀರಿನ ಮಾನದಂಡ 6.5ರಿಂದ 8.5. ಕಡಿಮೆ ಇದ್ದರೆ ಅದರ ಹುಳಿಯಿಂದ ನೇರ ಕೇಡಿಲ್ಲ, ಮಜ್ಜಿಗೆ ಇದಕ್ಕಿಂತ ಎಷ್ಟೋ ಹುಳಿ. ತೊಂದರೆ ಪೈಪಿನದು. ಆಮ್ಲೀಯ ನೀರು ಲೋಹದ ಪೈಪು, ನಲ್ಲಿಗಳನ್ನು ಕೊರೆದು ಲೋಹವನ್ನು ಲೋಟಕ್ಕೆ ತರುತ್ತದೆ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಸ್ವಲ್ಪ ಹರಿಯಬಿಟ್ಟು ಆಮೇಲೆ ಕೊಡಪಾನ ಹಿಡಿಯಿರಿ.

ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುತ್ತಾರಲ್ಲ, ಕಲಬೆರಕೆ ಅಲ್ವಾ?

ಹಿತಮಿತವಾಗಿ ಹಾಕಿದರೆ ಅಲ್ಲ. ಕಬ್ಬಿನ ಹಾಲಿನ ಪಿಎಚ್ ಐದು ಚಿಲ್ಲರೆ. ಆಮ್ಲ ಇರುವಾಗ ಗಂಟೆಗಟ್ಟಲೆ ಕುದಿಸಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅವು ಜಾಸ್ತಿಯಾದರೆ ಬೆಲ್ಲ ಗಟ್ಟಿಯಾಗುವುದಿಲ್ಲ. ಸುಣ್ಣದ ತಿಳಿ ಬಿದ್ದಾಗ ಹುಳಿ ತಗ್ಗುತ್ತದೆ. ಜೊತೆಗೆ ಹಾಲಿನಲ್ಲಿರುವ ಕಸರು ಒಟ್ಟುಗೂಡಿ ನೊರೆಯ ಜೊತೆ ಮೇಲೆ ಬರುತ್ತದೆ, ಕೊಪ್ಪರಿಗೆಯಿಂದ ಅದನ್ನು ತೆಗೆದು ಹಾಕಬಹುದು. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ, ರುಚಿಯೂ ಕೆಡುತ್ತದೆ. ಬೆಲ್ಲ ಕಾಯಿಸುವವರ ಕಣ್ಣಳತೆಗೆ ನಾನು ಯಾವಾಗಲೂ ತಲೆಬಾಗುತ್ತೇನೆ.

ನಮ್ಮ ಜೋನಿ ಬೆಲ್ಲ ದ್ರವವಾಗಿ ಉಳಿಯುವುದಕ್ಕೆ ಅದರಲ್ಲಿ ಉಳಿಸುವ ನೀರಿನ ಜೊತೆಗೆ ಈ ಒಡೆದ ಸಕ್ಕರೆಯೂ ಕಾರಣ.

ಜೇನುತುಪ್ಪ ಸಿಹಿ. ಹಾಗಾದರೆ ಅದು ಪ್ರತ್ಯಾಮ್ಲವೇ?

ಅಲ್ಲ, ಆಮ್ಲ. ಪಿಎಚ್ ಸಾಮಾನ್ಯವಾಗಿ 4ರ ಹತ್ತಿರ. ಗ್ಲೂಕೋನಿಕ್ ಆಮ್ಲ ಅದರಲ್ಲಿ ಮುಖ್ಯ. ಸಕ್ಕರೆ ಅಷ್ಟು ಇರುವುದರಿಂದ ನಾಲಿಗೆಗೆ ಹುಳಿ ಗೊತ್ತಾಗುವುದಿಲ್ಲ.

ಮೀನು ತೊಳೆಯುವಾಗ ಹುಳಿ ಹಾಕಿದರೆ ವಾಸನೆ ಹೋಗುವುದು ಹೇಗೆ?

ಕಾರವಾರದಲ್ಲಿ ಈ ಪ್ರಶ್ನೆ ಬರದೇ ಇರುವುದಿಲ್ಲ. ಕಡಲ ಮೀನಿನ ಮೈಯಲ್ಲಿ ವಾಸನೆ ಇಲ್ಲದ ಒಂದು ವಸ್ತು ಇರುತ್ತದೆ, ಟ್ರೈಮಿಥೈಲಮೈನ್ ಆಕ್ಸೈಡ್. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಟ್ರೈಮಿಥೈಲಮೈನ್ ಮಾಡುತ್ತವೆ. ನಮಗೆ ಬರುವ ಮೀನಿನ ವಾಸನೆ ಅದರದ್ದೇ. ಅದು ಅಮೋನಿಯಾದ ಬಳಗದ ಪ್ರತ್ಯಾಮ್ಲ. ನಿಂಬೆ, ಹುಣಸೆ, ಮುರುಗಲ ಹುಳಿ ಯಾವುದೇ ಬಿದ್ದರೂ ಪ್ರೋಟಾನ್ ಹಿಡಿದುಕೊಂಡು ಲವಣವಾಗುತ್ತದೆ. ಲವಣ ಗಾಳಿಗೆ ಏಳುವುದಿಲ್ಲ. ಮೂಗಿಗೆ ಬರದಿದ್ದರೆ ವಾಸನೆ ಇಲ್ಲ. ಬಂಗಡೆ ಸಾರಿಗೆ ಹುಳಿ ಬೇಕೇಬೇಕು ಎನ್ನುವುದರಲ್ಲಿ ರುಚಿಯೂ ಇದೆ, ರಸಾಯನವೂ ಇದೆ.

ಆದರೆ ಒಂದು ಮಾತು. ಹುಳಿ ವಾಸನೆಯನ್ನು ಅಡಗಿಸುತ್ತದೆ, ಹಾಳಾದ ಮೀನನ್ನು ತಾಜಾ ಮಾಡುವುದಿಲ್ಲ. ಬಿಸಿಲಲ್ಲಿ ಹೊತ್ತು ಕಳೆದ ಬಂಗಡೆಯಲ್ಲಿ ಹಿಸ್ಟಮಿನ್ ಸೇರಿಕೊಂಡಿದ್ದರೆ ಅದು ಹುಳಿಗೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರಬಹುದು. ಕೊಳ್ಳುವಾಗಲೇ ಕಿವಿರು, ಕಣ್ಣು ನೋಡಿ.

ಹಿತ್ತಾಳೆ ಪಾತ್ರೆ ಹುಣಸೆಹಣ್ಣಿಗೆ ಹೊಳೆಯುತ್ತದೆ. ಹಾಗಾದರೆ ಅದರಲ್ಲಿ ಅಪ್ಪೆಹುಳಿ ಮಾಡಬಾರದಾ?

ಕಲಾಯಿ ಇಲ್ಲದಿದ್ದರೆ ಮಾಡಬಾರದು. ಪಾತ್ರೆಯ ಮೇಲಿನ ಕಪ್ಪು ಪದರ ತಾಮ್ರದ ಆಕ್ಸೈಡ್. ಹುಣಸೆಯ ಆಮ್ಲ ಅದನ್ನು ಕರಗಿಸಿ ಒಯ್ಯುವುದರಿಂದ ಹೊಳಪು ಬರುತ್ತದೆ. ಅದೇ ಆಮ್ಲ ಅಡುಗೆಯಲ್ಲಿದ್ದರೆ ಕರಗಿದ ತಾಮ್ರ ಊಟಕ್ಕೆ ಸೇರುತ್ತದೆ. ಸಾರು, ಅಪ್ಪೆಹುಳಿ, ತಂಬುಳಿ, ಮಜ್ಜಿಗೆ ಯಾವುದನ್ನೂ ಕಲಾಯಿ ಹೋದ ಪಾತ್ರೆಯಲ್ಲಿ ಇಡಬೇಡಿ. ಕಿಲುಬು ಏರಿ ವಾಂತಿಯಾಗುವುದು ಬರೀ ಹಿರಿಯರ ಹೆದರಿಕೆ ಅಲ್ಲ. ನೀರು ಕಾಯಿಸುವ ಹಂಡೆಗೆ ಈ ಚಿಂತೆ ಬೇಡ.

ಕವಳ ಹಾಕಿದರೆ ಬಾಯಿ ಕೆಂಪಾಗುವುದು ಸುಣ್ಣದಿಂದಲೇ?

ಸುಣ್ಣ ಇಲ್ಲದೆ ಅಷ್ಟು ಕೆಂಪು ಬರುವುದಿಲ್ಲ. ಅಡಿಕೆಯ ಒಗರು ಕೊಡುವ ಪಾಲಿಫಿನಾಲ್‌ಗಳು ಸುಣ್ಣದ ಕ್ಷಾರದಲ್ಲಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕೆಂಪಾಗುತ್ತವೆ. ಅಡಿಕೆಯ ಅಮಲಿನ ಅಂಶವಾದ ಅರೆಕೊಲಿನ್ ಬಾಯಿಗೆ ಬೇಗ ಹತ್ತುವುದೂ ಸುಣ್ಣ ಇದ್ದಾಗ. ಅಡಿಕೆ ನಮ್ಮ ಬದುಕು, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕು ಇಲ್ಲದ ಕವಳವನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಬಾಯಲ್ಲಿ ವಾಸಿಯಾಗದ ಹುಣ್ಣು, ಬಿಳಿ ಮಚ್ಚೆ ಕಂಡರೆ ವೈದ್ಯರಿಗೆ ತೋರಿಸಿ.

ಇರುವೆ, ಜೇನು ಕಚ್ಚಿದರೆ ಸುಣ್ಣ ಹಚ್ಚುವುದು ಸರಿಯಾ?

ಸರಿಯಲ್ಲ. ಚಗಳಿ ಇರುವೆಯಲ್ಲಿ ಫಾರ್ಮಿಕ್ ಆಮ್ಲ ಇದೆ, ಅದು ನಿಜ. ಚಗಳಿ ಚಟ್ನಿಯ ಹುಳಿಯೂ ಅದರದ್ದೇ. ಆಮ್ಲಕ್ಕೆ ಪ್ರತ್ಯಾಮ್ಲ ಹಚ್ಚಿದರೆ ಸರಿಹೋಗುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಚಂದ. ಆದರೆ ಜೇನಿನ ವಿಷದಲ್ಲಿ ನೋವು ತರುವುದು ಬರೀ ಆಮ್ಲ ಅಲ್ಲ, ಪ್ರೋಟೀನುಗಳು. ವಿಷ ಚರ್ಮದ ಒಳಗಿದೆ, ನೀವು ಹಚ್ಚಿದ ಸುಣ್ಣ ಮೇಲೆ ಇರುತ್ತದೆ, ಅಲ್ಲೇ ಚರ್ಮ ಸುಡುತ್ತದೆ. ಮುಳ್ಳು ತೆಗೆದು, ತೊಳೆದು, ತಣ್ಣನೆ ಬಟ್ಟೆ ಇಡಿ. ಉಸಿರು ಕಟ್ಟಿದರೆ, ಮುಖ ಊದಿದರೆ ಕೂಡಲೇ ಆಸ್ಪತ್ರೆ.

ಎದೆಯುರಿಗೆ ಅಡುಗೆ ಸೋಡಾ ಕುಡಿಯಬಹುದಾ?

ಅಪರೂಪಕ್ಕೆ ಸ್ವಲ್ಪ ಕುಡಿದರೆ ಉರಿ ಶಮನವಾಗುತ್ತದೆ. ಹೊಟ್ಟೆಯ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಸೇರಿ ಉಪ್ಪು, ನೀರು, ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ತೇಗು ಬರುವುದು ಅದರಿಂದ. ಸೋಡಿಯಂ ಜಾಸ್ತಿ ಇರುವುದರಿಂದ ಬಿಪಿ, ಕಿಡ್ನಿ ತೊಂದರೆ ಇರುವವರಿಗೆ ಬೇಡ. ಪದೇ ಪದೇ ಬರುವ ಉರಿಗೆ ವೈದ್ಯರು ಬೇಕು. ಎದೆ ಬಿಗಿದು, ಬೆವರಿ, ಕೈಗೆ ನೋವು ಹರಿದರೆ ಅದನ್ನು ಗ್ಯಾಸ್ ಎಂದು ಮನೆಯಲ್ಲಿ ಕೂರಬೇಡಿ.

"ಆಲ್ಕಲೈನ್ ನೀರು" ಕುಡಿದರೆ ರಕ್ತ ಕ್ಷಾರವಾಗಿ ರೋಗ ಹೋಗುತ್ತದೆಯಂತೆ?

ಹೋಗುವುದಿಲ್ಲ. ಆ ನೀರು ಮೊದಲು ಬೀಳುವುದು ಪಿಎಚ್ 2ರ ಹೊಟ್ಟೆಗೆ. ರಕ್ತದ ಪಿಎಚ್ಚನ್ನು ಶ್ವಾಸಕೋಶ, ಮೂತ್ರಪಿಂಡ ಮತ್ತು ರಕ್ತದಲ್ಲಿರುವ ಬೈಕಾರ್ಬೊನೇಟ್ ಸೇರಿ 7.35–7.45ರ ಒಳಗೇ ಹಿಡಿದಿಡುತ್ತವೆ. ಆ ದುಡ್ಡಿಗೆ ತರಕಾರಿ ತನ್ನಿ.

ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ಉಪ್ಪು ಬರುತ್ತದೆ ಅಂತಾರೆ. ಸಾಣಿಕಟ್ಟಾದ ಉಪ್ಪೂ ಹಾಗೇ ಬಂದಿದ್ದಾ?

ಸಾಣಿಕಟ್ಟಾದಲ್ಲಿ ಕಡಲ ನೀರನ್ನು ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ, ಅಲ್ಲಿ ತಟಸ್ಥೀಕರಣ ಇಲ್ಲ. ಆದರೆ ಅದೇ ವಸ್ತು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕಾಸ್ಟಿಕ್ ಸೋಡಾ ಸೇರಿಸಿದರೂ ಬರುತ್ತದೆ. ತಿರುಗಿಸಿ ಮಾಡಲೂ ಬರುತ್ತದೆ: ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿದರೆ ಕಾಸ್ಟಿಕ್ ಸೋಡಾ, ಕ್ಲೋರಿನ್, ಹೈಡ್ರೋಜನ್ ಸಿಗುತ್ತವೆ. ಕಾರವಾರದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಮೂಲ ಕೆಲಸ ಇದೇ.

ಎಲ್ಲ ಲವಣಗಳೂ ತಟಸ್ಥ ಅಲ್ಲ. ಅಡುಗೆ ಉಪ್ಪು ತಟಸ್ಥ, ವಾಷಿಂಗ್ ಸೋಡಾ ಕ್ಷಾರೀಯ, ಮೈಲುತುತ್ತ ಆಮ್ಲೀಯ. ಯಾವ ಬಲದ ಆಮ್ಲಕ್ಕೆ ಯಾವ ಬಲದ ಪ್ರತ್ಯಾಮ್ಲ ಸೇರಿತ್ತು ಎಂಬುದರ ಮೇಲೆ ಅದು ನಿಂತಿದೆ.

ಕಡಲು ಹುಳಿಯಾಗುತ್ತಿದೆ ಎನ್ನುತ್ತಾರೆ. ನಮಗೇನು?

ಕಡಲ ನೀರು ಹುಳಿಯಾಗಿಲ್ಲ, ಈಗಲೂ ಅದು ತುಸು ಕ್ಷಾರೀಯವೇ. ಆದರೆ ಕೈಗಾರಿಕೆಗಳು ಶುರುವಾಗುವ ಮೊದಲು ಜಗತ್ತಿನ ಕಡಲ ಮೇಲ್ಮೈಯ ಪಿಎಚ್ ಸರಾಸರಿ 8.2ರ ಹತ್ತಿರ ಇತ್ತು, ಈಗ 8.1ಕ್ಕೆ ಬಂದಿದೆ. 0.1 ಇಳಿದರೆ ಹೈಡ್ರೋಜನ್ ಅಯಾನು ಸುಮಾರು ಶೇ. 26 ಏರಿದಂತೆ.

ನಾವು ಸುಡುವ ಇಂಧನದ ಇಂಗಾಲದ ಡೈ ಆಕ್ಸೈಡ್‌ನಲ್ಲಿ ಒಂದು ಪಾಲನ್ನು ಕಡಲು ಕುಡಿಯುತ್ತದೆ. ಆಗ ನೀರಿನಲ್ಲಿ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಚಿಪ್ಪು ಕಟ್ಟುವ ಜೀವಿಗಳಿಗೆ ಬೇಕಾದದ್ದು ಅದೇ ಕಾರ್ಬೊನೇಟ್. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು ಚಿಪ್ಪು ಹೆಕ್ಕುವ ಹೆಂಗಸರ ಸಂಪಾದನೆ ಆ ಜೀವಿಗಳ ಮೇಲೆ ನಿಂತಿದೆ. ನನಗೆ ಇದು ದೂರದ ಸುದ್ದಿ ಅನ್ನಿಸುವುದಿಲ್ಲ.

ಮಕ್ಕಳಿಗೆ ತೋರಿಸಲು ಸುಲಭ. ದಂಡೆಯಲ್ಲಿ ಬಿದ್ದ ಖಾಲಿ ಚಿಪ್ಪನ್ನು ವಿನೆಗರ್‌ನಲ್ಲಿ ಹಾಕಿಡಿ. ಕೂಡಲೇ ಸಣ್ಣ ಗುಳ್ಳೆಗಳು ಅಂಚಿನಿಂದ ಏಳುತ್ತವೆ. ಒಂದೆರಡು ದಿನಕ್ಕೆ ಚಿಪ್ಪು ತೆಳ್ಳಗಾಗಿ ಬೆರಳಲ್ಲಿ ಪುಡಿಯಾಗುತ್ತದೆ. ಕಡಲ ನೀರು ಇಷ್ಟು ತೀಕ್ಷ್ಣ ಅಲ್ಲ, ಅದನ್ನೂ ಅವರಿಗೆ ಹೇಳಿ.

ಚಿಪ್ಪಿಸುಣ್ಣಕ್ಕೆ ನೀರು ಹಾಕಿದರೆ ಕುದಿಯುವುದು ಯಾಕೆ?

ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ 900 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸುಟ್ಟರೆ ಇಂಗಾಲದ ಡೈ ಆಕ್ಸೈಡ್ ಹೊರಟು ಸುಟ್ಟ ಸುಣ್ಣ ಉಳಿಯುತ್ತದೆ. ಅದು ನೀರನ್ನು ಹೀರಿ ಅರಳಿದ ಸುಣ್ಣವಾಗುವಾಗ ಬಹಳ ಬಿಸಿ ಹೊರಬರುತ್ತದೆ. ನೀರೇ ಕುದಿದು ಸಿಡಿಯುವಷ್ಟು. ಗೋಡೆಗೆ ಬಳಿದ ಮೇಲೆ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಮತ್ತೆ ಚಿಪ್ಪಿನಲ್ಲಿದ್ದ ವಸ್ತುವೇ ಆಗುತ್ತದೆ. ಸುಣ್ಣ ಅರಳಿಸುವ ಕಡೆ ಮಕ್ಕಳನ್ನು ಬಿಡಬೇಡಿ.

ಆ್ಯಸಿಡ್ ಅಥವಾ ಸುಣ್ಣ ಕಣ್ಣಿಗೆ, ಮೈಗೆ ಬಿದ್ದರೆ ಏನು ಮಾಡಬೇಕು?

ನೀರು. ಹರಿಯುವ ನೀರು, ಕನಿಷ್ಠ 20 ನಿಮಿಷ. ಆಮೇಲೆ ಆಸ್ಪತ್ರೆ. ಕಣ್ಣಾದರೆ ರೆಪ್ಪೆ ಬಿಡಿಸಿ ಹಿಡಿದು ತೊಳೆಯಿರಿ. ಒಣ ಸುಟ್ಟ ಸುಣ್ಣ ಮೈಮೇಲೆ ಬಿದ್ದಿದ್ದರೆ ಮೊದಲು ಕೊಡವಿ, ಆಮೇಲೆ ಧಾರಾಳ ನೀರು.

ಆಮ್ಲ ಬಿದ್ದಲ್ಲಿ ಸೋಡಾ, ಸುಣ್ಣ ಬಿದ್ದಲ್ಲಿ ನಿಂಬೆ ಹಾಕಬೇಡಿ. ತಟಸ್ಥವಾಗುವಾಗ ಬಿಸಿ ಹುಟ್ಟುತ್ತದೆ, ಗಾಯಕ್ಕೆ ಇನ್ನೊಂದು ಸುಟ್ಟಗಾಯ ಸೇರುತ್ತದೆ. ನುಂಗಿದ್ದರೆ ವಾಂತಿ ಮಾಡಿಸಬೇಡಿ, ಹೋಗುವಾಗ ಸುಟ್ಟದ್ದು ಬರುವಾಗಲೂ ಸುಡುತ್ತದೆ. 108ಕ್ಕೆ ಫೋನ್ ಮಾಡಿ.

ಸುಣ್ಣದ ಬಗ್ಗೆ ಮತ್ತೆ ಬರೆಯುತ್ತೇನೆ ಎಂದಿದ್ದೆನಲ್ಲ. ಕಣ್ಣಿಗೆ ಬಿದ್ದ ಕ್ಷಾರ ಅನೇಕ ಸಲ ಆಮ್ಲಕ್ಕಿಂತ ಹೆಚ್ಚು ಕೇಡು ಮಾಡುತ್ತದೆ. ಆಮ್ಲ ಮೇಲಿನ ಪ್ರೋಟೀನನ್ನು ಗಟ್ಟಿ ಮಾಡಿ ಅಲ್ಲೇ ತಡೆ ಕಟ್ಟುತ್ತದೆ. ಕ್ಷಾರ ಕೊಬ್ಬನ್ನು ಸೋಪಾಗಿಸಿ ಒಳಗೆ ಒಳಗೆ ಹೋಗುತ್ತದೆ. ಕವಳದ ಸುಣ್ಣದ ಟ್ಯೂಬು, ಪೊಟ್ಟಣ ಮಗುವಿನ ಕೈಗೆ ಸಿಕ್ಕಿ ಒತ್ತಿದರೆ ನೇರ ಕಣ್ಣಿಗೆ ಚಿಮ್ಮುತ್ತದೆ. ದಯವಿಟ್ಟು ಅದನ್ನು ಎತ್ತರದಲ್ಲಿಡಿ.

ಬಾತ್‌ರೂಮಿನ ಆ್ಯಸಿಡ್ಡಿಗೆ ಬ್ಲೀಚ್ ಸೇರಿಸಿದರೆ ಹೆಚ್ಚು ಸ್ವಚ್ಛ ಆಗುತ್ತದಾ?

ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ. ಬ್ಲೀಚಿಂಗ್ ಪೌಡರಿಗೂ ಇದೇ ಮಾತು. ಆ್ಯಸಿಡ್ಡನ್ನು ನೀರಿನ ಬಾಟಲಿಗೆ ಸುರಿದಿಡಬೇಡಿ, ಬಾಯಾರಿ ಬಂದವರಿಗೆ ಅದು ನೀರಿನಂತೇ ಕಾಣುತ್ತದೆ. ನೀರು ಬೆರೆಸುವುದಾದರೆ ನೀರಿಗೆ ಆ್ಯಸಿಡ್ ನಿಧಾನ ಹಾಕಿ. ಆ್ಯಸಿಡ್ಡಿಗೆ ನೀರು ಸುರಿದರೆ ಮೊದಲು ಬಿದ್ದ ಹನಿಯೇ ಕುದಿದು ಮುಖಕ್ಕೆ ಎರಚುತ್ತದೆ. ಬ್ಯಾಟರಿಯ ಗಂಧಕಾಮ್ಲಕ್ಕಂತೂ ಇದು ಕಟ್ಟುನಿಟ್ಟು.

ಪಿಎಚ್ ಕಾಗದ ಎಲ್ಲಿ ಸಿಗುತ್ತದೆ? ಎಷ್ಟು ದಿನ ಇಡಬಹುದು?

ಶಾಲೆ ಕಾಲೇಜುಗಳಿಗೆ ಲ್ಯಾಬ್ ಸಾಮಾನು ಮಾರುವ ಅಂಗಡಿಗಳಲ್ಲಿ ಮತ್ತು ಆನ್‌ಲೈನ್‌ನಲ್ಲಿ ಸಿಗುತ್ತದೆ. ತೋಟಕ್ಕೆ, ಬಾವಿ ನೀರಿಗೆ 1ರಿಂದ 14ರ ತನಕ ಬಣ್ಣ ತೋರಿಸುವ ಕಾಗದ ಸಾಕು. ನಮ್ಮ ಮಳೆಗಾಲದ ತೇವಕ್ಕೆ ತೆರೆದಿಟ್ಟರೆ ಬೇಗ ಹಾಳಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಪ್ರತಿ ಸಲ ಬಳಸುವ ಮೊದಲು ಒಂದು ತುಂಡನ್ನು ನಿಂಬೆರಸಕ್ಕೆ, ಇನ್ನೊಂದನ್ನು ಸುಣ್ಣದ ತಿಳಿಗೆ ತಾಗಿಸಿ ನೋಡಿ. ಎರಡಕ್ಕೂ ಸರಿಯಾದ ಬಣ್ಣ ಬಂದರೆ ಆ ಕಾಗದವನ್ನು ನಂಬಬಹುದು.